ಮಣಿಕಟ್ಟಿನ ಮೇಲಿನ ಹುಸಿ ಲೆಕ್ಕ

ಟೋಕಿಯೋದ ಪೂರ್ವಕ್ಕಿರುವ ಎದೊಗಾವಾ ವಾರ್ಡಿನ ನಿಶಿಕಸಾಯಿ ಭಾರತೀಯರ ಬೀಡು. ಸಾಫ್ಟ್‌ವೇರ್ ಕೆಲಸ ಹಿಡಿದು ಬಂದ ಕನ್ನಡ ಕುಟುಂಬಗಳೂ ಅಲ್ಲಿ ಬೇರೂರಿವೆ. ಹತ್ತಿರದಲ್ಲೇ ಅರಾಕಾವಾ ನದಿ, ಅದರ ದಂಡೆಯುದ್ದಕ್ಕೂ ಸಿಗ್ನಲ್ಲಿನ ಕಾಟವಿಲ್ಲದ ಸಮತಟ್ಟಾದ ಸೈಕಲ್ ದಾರಿ. ರಜೆಯ ದಿನ ಬೆಳಿಗ್ಗೆ ಸವಾರಿ ಮುಗಿಸಿ ಬಂದವರ ಮಾತಿಗೆ ಕಿವಿಗೊಡಿ. ಎಷ್ಟು ದೂರ ಹೋದೆ, ಫುಜಿ ಕಂಡಿತೇ ಅನ್ನುವುದೆಲ್ಲ ಆಮೇಲೆ. "ನಂದು ಎಂಟುನೂರು ಬರ್ನ್ ಆಯ್ತು, ನಿಂದೆಷ್ಟು?" ಎಂಬುದು ಮೊದಲು. ಕೇಳಿಸಿಕೊಂಡವರು ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಅಲ್ಲಿ ಆರುನೂರು ಇದ್ದರೆ ಮುಖ ಸಣ್ಣದಾಗುತ್ತದೆ. ಒಂಬೈನೂರು ಇದ್ದರೆ ಮಧ್ಯಾಹ್ನದ ಎರಡನೇ ಮಸಾಲೆದೋಸೆಗೆ ಪರವಾನಗಿ ಸಿಕ್ಕಿತೆಂದೇ ಅರ್ಥ.

ಆ ಎಂಟುನೂರನ್ನು ಯಾರೂ ಅಳೆದಿಲ್ಲ ಎಂಬುದೇ ನನ್ನ ತಕರಾರು. ಸೈಕಲ್ ತುಳಿಯುವಾಗ ಮೈಯಲ್ಲಿ ಕರಗಿದ ಕ್ಯಾಲೊರಿಯನ್ನು ಮಣಿಕಟ್ಟಿನ ಯಂತ್ರ ಅಳೆಯುವುದಿಲ್ಲ, ಊಹಿಸುತ್ತದೆ. ಊಹೆ ತಪ್ಪಲ್ಲ. ಆದರೆ ಆ ಊಹೆಯನ್ನು ಒಂದರ ಸ್ಥಾನದವರೆಗೆ ಬಿಡಿಬಿಡಿಯಾಗಿ, 847 ಎಂದು ತೋರಿಸುವುದು ತಪ್ಪು. ಅದನ್ನು ನಂಬಿ ತಟ್ಟೆಗೆ ಬಡಿಸಿಕೊಳ್ಳುವುದು ಇನ್ನೂ ದೊಡ್ಡ ತಪ್ಪು. "ಇಷ್ಟು ದುಡ್ಡು ಕೊಟ್ಟು ತಗೊಂಡಿದ್ದೀನಿ, ನಾಡಿ ನೋಡತ್ತೆ, ಜಿಪಿಎಸ್ ಇದೆ, ಸುಳ್ಳು ಹೇಳತ್ತಾ?" ಎನ್ನುವವರಿಗೆ ನನ್ನ ಉತ್ತರ: ಹೇಳುತ್ತದೆ, ಸೈಕಲ್ ಮೇಲಂತೂ ಚೆನ್ನಾಗಿಯೇ ಹೇಳುತ್ತದೆ.

ನಿಜವಾಗಿ ಅಳೆಯಬೇಕಾದರೆ ಎಷ್ಟು ಒದ್ದಾಡಬೇಕು ಎಂಬುದನ್ನು ಇದೇ ಟೋಕಿಯೋದಲ್ಲಿ ನೋಡಬಹುದಿತ್ತು. 1920ರಲ್ಲಿ ಜಪಾನ್ ಸರ್ಕಾರ ಪೋಷಣಾ ಸಂಶೋಧನೆಗೆಂದೇ ಒಂದು ಸಂಸ್ಥೆ ತೆರೆದು ತದಾಸು ಸಾಯಿಕಿ ಎಂಬ ವೈದ್ಯವಿಜ್ಞಾನಿಯನ್ನು ಅದರ ಮೊದಲ ಮುಖ್ಯಸ್ಥರನ್ನಾಗಿ ನೇಮಿಸಿತು. ಇಂದಿನ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಂಸ್ಥೆ ಅದರದೇ ಮುಂದುವರಿಕೆ. 2023ರಲ್ಲಿ ಒಸಾಕಾ ಬಳಿಯ ಸೆತ್ಸುಗೆ ಹೋಗುವವರೆಗೂ ಅದು ಟೋಕಿಯೋದಲ್ಲಿತ್ತು. ಅಲ್ಲೊಂದು ಗಾಳಿಯಾಡದ ಕೋಣೆ. ಒಳಗೆ ಹೋದವರು ಅಲ್ಲೇ ಉಂಡು, ಅಲ್ಲೇ ಕೆಲಸ ಮಾಡಿ, ಅಲ್ಲೇ ಮಲಗಬೇಕು. ಕೋಣೆಗೆ ಬಿಡುವ ಗಾಳಿ ಎಷ್ಟು, ಹೊರಬರುವ ಗಾಳಿಯಲ್ಲಿ ಆಮ್ಲಜನಕ ಎಷ್ಟು ಕಡಿಮೆಯಾಯಿತು, ಇಂಗಾಲದ ಡೈಆಕ್ಸೈಡ್ ಎಷ್ಟು ಹೆಚ್ಚಿತು ಎಂದು ಇಡೀ ದಿನ ಲೆಕ್ಕ ನಡೆಯುತ್ತದೆ. ದೇಹ ಉರಿಸಿದ್ದಕ್ಕೆ ಗಾಳಿಯೇ ಸಾಕ್ಷಿ.

ಕೋಣೆಯ ಹೊರಗೆ ಓಡಾಡುವವರಿಗೆ ಇನ್ನೊಂದು ಉಪಾಯವಿದೆ. ಭಾರವಾದ ಹೈಡ್ರೋಜನ್ ಮತ್ತು ಭಾರವಾದ ಆಮ್ಲಜನಕ ಸೇರಿಸಿದ ನೀರನ್ನು ಕುಡಿಸುತ್ತಾರೆ. ಆ ಹೈಡ್ರೋಜನ್ ಮೈಯಿಂದ ನೀರಾಗಿ ಮಾತ್ರ ಹೊರಹೋಗುತ್ತದೆ. ಆಮ್ಲಜನಕ ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ದಿನಗಟ್ಟಲೆ ಮೂತ್ರ ಪರೀಕ್ಷಿಸಿ ಎರಡರ ವ್ಯತ್ಯಾಸ ಹಿಡಿದರೆ ಎಷ್ಟು ಡೈಆಕ್ಸೈಡ್ ಬಿಟ್ಟರು, ಅಂದರೆ ಎಷ್ಟು ಉರಿಸಿದರು ಎಂದು ತಿಳಿಯುತ್ತದೆ. ಆ ನೀರು ದುಬಾರಿ, ಫಲಿತಾಂಶಕ್ಕೆ ಎರಡು ವಾರ ಕಾಯಬೇಕು, ಸಿಗುವುದು ಅಷ್ಟೂ ದಿನಗಳ ಸರಾಸರಿ ಮಾತ್ರ. ನಿನ್ನೆಯ ಸವಾರಿಯ ಕ್ಯಾಲೊರಿ ಎಷ್ಟು ಎಂದು ಆ ನೀರೂ ಹೇಳಲಾರದು.

ಇದೇ ಸಂಸ್ಥೆಯ ಹಾರುಕಾ ಮುರಾಕಾಮಿ ಮತ್ತು ಸಂಗಡಿಗರು 12 ಯಂತ್ರಗಳನ್ನು ಈ ಎರಡೂ ಒರೆಗಲ್ಲಿಗೆ ಹಚ್ಚಿ, 2016ರಲ್ಲಿ ಅಮೆರಿಕದ ವೈದ್ಯಸಂಘದ ಒಳರೋಗ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಫಿಟ್‌ಬಿಟ್, ಗಾರ್ಮಿನ್, ಎಪ್ಸನ್, ಒಮ್ರಾನ್, ಪ್ಯಾನಾಸಾನಿಕ್ ಮೊದಲಾದ ಕಂಪನಿಗಳ ಯಂತ್ರಗಳು ಅದರಲ್ಲಿದ್ದವು. ಕೆಲವು ಅಂಗಡಿಯಲ್ಲಿ ಸಿಗುವಂಥವು, ಕೆಲವು ಸಂಶೋಧಕರು ಬಳಸುವಂಥವು. ಧರಿಸಿದವರು 19 ಆರೋಗ್ಯವಂತರು. ಕೋಣೆಯೊಳಗಿನ ಶಿಸ್ತಿನ ದಿನದಲ್ಲಿ ಕೆಲವು ಯಂತ್ರಗಳು ಹೆಚ್ಚು ತೋರಿಸಿದವು, ಕೆಲವು ಕಡಿಮೆ. ಹೊರಗಿನ ಸಹಜ ಜೀವನದಲ್ಲಿ ಎಲ್ಲವೂ ಕಡಿಮೆ ತೋರಿಸಿದವು. ಕೆಲವಂತೂ ದಿನಕ್ಕೆ 500 ಕ್ಯಾಲೊರಿಗೂ ಮಿಕ್ಕಿ ತಪ್ಪಿದವು. ಒಂದು ಹೊತ್ತಿನ ಊಟವೇ ಲೆಕ್ಕದಿಂದ ಮಾಯ!

ಅದೇ ಅಧ್ಯಯನದಲ್ಲಿ ಯಂತ್ರಗಳ ಪರವಾದ ಒಂದು ಅಂಶವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಯಾರು ಹೆಚ್ಚು ಖರ್ಚು ಮಾಡುತ್ತಾರೆ, ಯಾರು ಕಡಿಮೆ ಎಂಬ ಸಾಲನ್ನು ಹೆಚ್ಚಿನ ಯಂತ್ರಗಳು ಬಹುಮಟ್ಟಿಗೆ ಸರಿಯಾಗಿಯೇ ಹಚ್ಚಿದವು. ಹಚ್ಚದೆ ಏನು? ಕೊಂಡ ದಿನ ನಾವೇ ಅದಕ್ಕೆ ವಯಸ್ಸು, ಲಿಂಗ, ಎತ್ತರ, ತೂಕ ಹೇಳಿಕೊಟ್ಟಿರುತ್ತೇವೆ. ಎಂಬತ್ತು ಕೆ.ಜಿ. ಗಂಡಸಿಗೆ ಐವತ್ತು ಕೆ.ಜಿ. ಹೆಂಗಸಿಗಿಂತ ದಿನದ ಖರ್ಚು ಹೆಚ್ಚು ಎನ್ನಲು ಯಂತ್ರ ಬೇಕಿಲ್ಲ. ದಿನದ ಒಟ್ಟು ಖರ್ಚಿನಲ್ಲಿ ಸಿಂಹಪಾಲು ಸುಮ್ಮನೆ ಬದುಕಿರುವುದಕ್ಕೇ ಹೋಗುವಂಥದ್ದು. ಅದನ್ನು ಗಡಿಯಾರ ನಾವು ಬರೆದುಕೊಟ್ಟ ವಿವರದಿಂದ ಗುಣಿಸಿ ನಮಗೇ ಒಪ್ಪಿಸುತ್ತದೆ.

ಇನ್ನು ಸೈಕಲ್ಲಿಗೆ ಬರೋಣ. ಮಣಿಕಟ್ಟಿನ ಯಂತ್ರದೊಳಗೆ ಅಲುಗಾಟ ಹಿಡಿಯುವ ಒಂದು ಸೆನ್ಸರ್ ಇರುತ್ತದೆ. ನಡೆಯುವಾಗ, ಓಡುವಾಗ ಕೈ ಬೀಸುತ್ತದೆ, ಅದು ಎಣಿಸುತ್ತದೆ. 1964ರ ಟೋಕಿಯೋ ಒಲಿಂಪಿಕ್ಸ್‌ನ ಮರುವರ್ಷ ಯಮಾಸಾ ಕಂಪನಿ "ಮನ್‌ಪೊ-ಕೆಯಿ" ಎಂಬ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಜಗದ್ವಿಖ್ಯಾತ ಗುರಿ ಬೆಳೆದದ್ದು ಆ ಯಂತ್ರದ ಹೆಸರಿನಿಂದ. ಆ ಯಂತ್ರಕ್ಕೆ ಕನಿಷ್ಠ ಎಣಿಸಲು ಹೆಜ್ಜೆಗಳಿದ್ದವು. ಸೈಕಲ್ ಮೇಲೆ ಕೂತವರ ಕೈ ಹ್ಯಾಂಡಲ್ ಹಿಡಿದು ನಿಂತೇಬಿಟ್ಟಿರುತ್ತದೆ. ಕೆಲಸವೆಲ್ಲ ತೊಡೆಯಲ್ಲಿ, ಯಂತ್ರ ಕಟ್ಟಿರುವುದು ಮಣಿಕಟ್ಟಿನಲ್ಲಿ. ಎದುರುಗಾಳಿಯಲ್ಲಿ ಏದುಸಿರು ಬಿಡುತ್ತ ತುಳಿಯುವಾಗಲೂ ಕೈ ಅಲುಗದು. ಹಾಳಾದ ರಸ್ತೆಯಲ್ಲಿ ತುಳಿಯದೆ ಉರುಳಿಕೊಂಡು ಬರುವಾಗ ಕೈ ಗಡಗಡ ಅಲುಗುತ್ತದೆ.

ಸರಿ, ಅಲುಗಾಟ ಬಿಟ್ಟು ವೇಗವನ್ನೇ ಹಿಡಿದರೆ? ಆ ಪ್ರಯೋಗವೂ ಜಪಾನಿನಲ್ಲಿ ಆಗಿದೆ. ಒಸಾಕಾದ ಕ್ಯಾಟ್‌ಐ ಕಂಪನಿಯ ಸೈಕಲ್ ಮೀಟರುಗಳು ಲೋಕದೆಲ್ಲೆಡೆ ಹ್ಯಾಂಡಲ್‌ಗಳ ಮೇಲೆ ಕೂತಿವೆ. ಅದರ ಕೆಲವು ಮಾದರಿಗಳು ಕ್ಯಾಲೊರಿಯನ್ನೂ ತೋರಿಸುತ್ತವೆ. ಹೇಗೆ ತೋರಿಸುತ್ತವೆ ಎಂಬ ಪಟ್ಟಿ ಕೈಪಿಡಿಯಲ್ಲೇ ಇದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋದರೆ ಗಂಟೆಗೆ 67.3 ಕ್ಯಾಲೊರಿ, 20 ಕಿ.ಮೀ. ಆದರೆ 244.5, 30 ಕಿ.ಮೀ. ಆದರೆ 641.6. ಇದು ಕ್ಷಣಕ್ಷಣದ ವೇಗದಿಂದ ಕೂಡಿಸಿದ ಲೆಕ್ಕ ಮಾತ್ರ, ನಿಜವಾಗಿ ಖರ್ಚಾದ ಕ್ಯಾಲೊರಿ ಬೇರೆ ಎಂದು ಕೈಪಿಡಿ ಒಪ್ಪಿಕೊಳ್ಳುತ್ತದೆ. ಕೈಪಿಡಿ ಓದುವ ವ್ಯವಧಾನ ಯಾರಿಗಿದೆ ಅನ್ನುವುದು ಬೇರೆ ಮಾತು.

ಈಗ ಇನ್ನೊಂದು ಪಟ್ಟಿ ತೆಗೆಯೋಣ. ಬಾರ್ಬರಾ ಏನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಮೊದಲ ಬಾರಿಗೆ ಹೊರತಂದು, ಆಮೇಲೆ ಪರಿಷ್ಕರಿಸುತ್ತ ಬಂದಿರುವ ಚಟುವಟಿಕೆಗಳ ಕೋಷ್ಟಕವದು. ಕೂತಿರುವಾಗಿನ ಖರ್ಚನ್ನು ಒಂದು ಎಂದು ಹಿಡಿದರೆ ಯಾವ ಕೆಲಸಕ್ಕೆ ಅದರ ಎಷ್ಟು ಪಟ್ಟು ಎಂದು ಅದು ಹೇಳುತ್ತದೆ. ಈ 'ಎಷ್ಟು ಪಟ್ಟು' ಎಂಬ ಅಳತೆಗೆ 'ಮೆಟ್' ಎಂದು ಹೆಸರು. ಜಪಾನಿನ ಆರೋಗ್ಯ ಸಚಿವಾಲಯದ 2006ರ ವ್ಯಾಯಾಮ ಮಾರ್ಗಸೂಚಿಯೂ ಮೆಟ್ ಲೆಕ್ಕವನ್ನೇ ಆಧರಿಸಿ, ಮೆಟ್ ಅನ್ನು ಗಂಟೆಯಿಂದ, ತೂಕದಿಂದ, 1.05ರಿಂದ ಗುಣಿಸಿದರೆ ಕ್ಯಾಲೊರಿ ಎಂದು ಜನರಿಗೆ ಹೇಳಿಕೊಟ್ಟಿತು. ಈ ಪ್ರಕಾರ ಅರವತ್ತು ಕೆ.ಜಿ. ತೂಕದವರು 10 ಕಿ.ಮೀ. ವೇಗದಲ್ಲಿ ಗಂಟೆ ತುಳಿದರೆ, ನಾಲ್ಕು ಮೆಟ್ ಹಿಡಿದು, 252 ಕ್ಯಾಲೊರಿ. ಮೀಟರು ಹೇಳಿದ್ದು 67. ಇಪ್ಪತ್ತರ ವೇಗಕ್ಕೆ ಎಂಟು ಮೆಟ್, 504 ಕ್ಯಾಲೊರಿ. ಮೀಟರು ಹೇಳಿದ್ದು 244. ಅದೇ ವೇಗ, ಅದೇ ಗಂಟೆ, ಒಂದು ಲೆಕ್ಕ ಇನ್ನೊಂದರ ಎರಡರಷ್ಟು, ಕೆಳಗಿನ ವೇಗದಲ್ಲಿ ನಾಲ್ಕರ ಹತ್ತಿರ. ಎರಡೂ ಸೂತ್ರಗಳು, ಎರಡೂ ಅಚ್ಚಾಗಿವೆ. ನಿಮ್ಮ ಗಡಿಯಾರದೊಳಗೆ ಇರುವುದು ಯಾವ ಸೂತ್ರ? ನಿಮಗೆ ಗೊತ್ತಿಲ್ಲ. ತಯಾರಕರು ಅದನ್ನು ವ್ಯಾಪಾರದ ಗುಟ್ಟೆಂದು ಒಳಗಿಟ್ಟುಕೊಳ್ಳುತ್ತಾರೆ.

ವೇಗವನ್ನು ನಂಬಿದರೆ ಆಗುವ ವಿಪರೀತ ಇಷ್ಟಕ್ಕೇ ನಿಲ್ಲದು. ಬೆಂಗಳೂರಿನವರು ನಂದಿಬೆಟ್ಟ ನೆನೆಸಿಕೊಳ್ಳಲಿ. ಏರುವಾಗ ಹತ್ತರ ವೇಗ ದಾಟುವುದೇ ಕಷ್ಟ, ಬೆವರು ಕಣ್ಣಿಗಿಳಿಯುತ್ತದೆ, ಮೀಟರು ಜಿಪುಣನಾಗುತ್ತದೆ. ಇಳಿಯುವಾಗ ಪೆಡಲ್ ಮುಟ್ಟದೆ ಬ್ರೇಕ್ ಹಿಡಿದು ಬರುತ್ತೀರಿ, ಮೀಟರು ಧಾರಾಳಿಯಾಗುತ್ತದೆ. ಅರಾಕಾವಾ ದಂಡೆಯಲ್ಲಿ ಬೆಟ್ಟವಿಲ್ಲ, ಆದರೆ ಗಾಳಿಯಿದೆ. ಚಳಿಗಾಲದಲ್ಲಿ ಕಾಂತೋ ಬಯಲಿಗೆ ಉತ್ತರದಿಂದ ಇಳಿಯುವ ಒಣಗಾಳಿಯನ್ನು ಅಲ್ಲಿಯವರು ಕರಕ್ಕಾಜೆ ಎನ್ನುತ್ತಾರೆ. ಅದಕ್ಕೆ ಎದುರಾಗಿ ಹದಿನೈದರ ವೇಗದಲ್ಲಿ ಹಲ್ಲುಕಚ್ಚಿ ಹೋದವರು ವಾಪಸು ಬರುವಾಗ ಮೂವತ್ತರಲ್ಲಿ ತೇಲಿಕೊಂಡು ಬರುತ್ತಾರೆ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ವೇಗ ಎರಡುಪಟ್ಟಾದರೆ ಶಕ್ತಿ ಎಂಟು ಪಟ್ಟು. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಗೆ ಹೋಲಿಸಿದ ವೇಗ, ಜಿಪಿಎಸ್ ಬಲ್ಲದ್ದು ನೆಲಕ್ಕೆ ಹೋಲಿಸಿದ ವೇಗ. ಗೆಳೆಯನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬಂದವರಿಗೆ ಗಾಳಿಯ ಹೊರೆ ಎಷ್ಟೋ ಹಗುರ. ಮುಂದಿದ್ದವರ ಜಿಪಿಎಸ್ ಮತ್ತು ಹಿಂದಿದ್ದವರ ಜಿಪಿಎಸ್ ಮಾತ್ರ ಒಂದೇ ಅಂಕಿ ಹೇಳುತ್ತವೆ.

ಜಪಾನಿನ ಬೀದಿಗಳಲ್ಲಿ ಇನ್ನೊಂದು ತೊಡಕು. ಅಲ್ಲಿ ಸೈಕಲ್ ಎಂದರೆ ಮೊದಲು ಕಣ್ಣಿಗೆ ಬೀಳುವುದು ಮುಂದೆ ಬುಟ್ಟಿಯಿರುವ ಭಾರವಾದ "ಮಾಮಾಚಾರಿ". ಮಕ್ಕಳನ್ನು ಶಿಶುವಿಹಾರಕ್ಕೆ ಬಿಡುವ ತಾಯಂದಿರು ಈಗ ಹೆಚ್ಚಾಗಿ ಹತ್ತುವುದು ಅದರ ವಿದ್ಯುತ್ ಅವತಾರವನ್ನು, ಮುಂದೊಂದು ಮಗು, ಹಿಂದೊಂದು ಮಗು. ತುಳಿತಕ್ಕೆ ಮೋಟಾರು ಕೈಜೋಡಿಸುವ ಇಂಥ ಸೈಕಲ್ಲನ್ನು ಜಗತ್ತಿನಲ್ಲೇ ಮೊದಲು ಮಾರಿದ್ದು ಜಪಾನಿನ ಯಮಹಾ, 1993ರಲ್ಲಿ. ಕಾನೂನಿನ ಪ್ರಕಾರ ಗಂಟೆಗೆ 10 ಕಿ.ಮೀ. ವೇಗದವರೆಗೆ ಸವಾರರ ಒಂದು ಪಾಲು ಬಲಕ್ಕೆ ಮೋಟಾರು ಎರಡು ಪಾಲು ಕೊಡಬಹುದು. ಅಲ್ಲಿಂದ ಇಳಿಯುತ್ತ 24 ಕಿ.ಮೀ.ಗೆ ಸೊನ್ನೆ. ಎರಡು ಮಕ್ಕಳ ಭಾರ ಹೊತ್ತು ಏರು ಹತ್ತುವ ತಾಯಿಯ ಮಣಿಕಟ್ಟಿನ ಯಂತ್ರಕ್ಕೆ ಮೋಟಾರಿನ ಸುಳಿವೇ ಇಲ್ಲ, ಮಕ್ಕಳ ಭಾರದ ಸುಳಿವೂ ಇಲ್ಲ. ವೇಗ ನಂಬಿದ ಯಂತ್ರ ಮೋಟಾರಿನ ದುಡಿಮೆಯನ್ನೂ ಆಕೆಯ ಹೆಸರಿಗೆ ಬರೆಯುತ್ತದೆ. ಅಲುಗಾಟ ನಂಬಿದ ಯಂತ್ರ ಆಕೆಯ ದುಡಿಮೆಯನ್ನೇ ನುಂಗಿಹಾಕುತ್ತದೆ.

"ಅದಕ್ಕೇ ನಾಡಿ ನೋಡೋದು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದು ಯಂತ್ರದ ಪಕ್ಷದವರ ಗಟ್ಟಿ ನೆಲೆ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲಿ ನಿಲ್ಲಬೇಕು. ಗಡಿಯಾರದ ಅಡಿಯಲ್ಲಿ ಹಸಿರು ದೀಪ ಮಿನುಗುತ್ತದೆ. ರಕ್ತ ಹಸಿರು ಬೆಳಕನ್ನು ಹೀರುತ್ತದೆ, ಪ್ರತಿ ಬಡಿತಕ್ಕೂ ವಾಪಸು ಬರುವ ಬೆಳಕು ಏರಿಳಿಯುತ್ತದೆ, ಅದನ್ನೆಣಿಸಿದರೆ ಎದೆಬಡಿತ. ಬೆಳಕು ಹಾಯಿಸಿ ರಕ್ತ ಓದುವ ವಿದ್ಯೆಯಲ್ಲಿ ಜಪಾನಿಗೆ ಲೋಕವೇ ಋಣಿ. ಕೋವಿಡ್ ಕಾಲದಲ್ಲಿ ನಮ್ಮ ಹಳ್ಳಿಮನೆಗಳಿಗೂ ಬಂದ ಪಲ್ಸ್ ಆಕ್ಸಿಮೀಟರಿನ ತತ್ವ ಕಂಡುಕೊಂಡವರು ಟೋಕಿಯೋದ ನಿಹೋನ್ ಕೋಡೆನ್ ಕಂಪನಿಯ ತಕುವೊ ಅಓಯಾಗಿ, 1974ರಲ್ಲಿ. ಆದರೆ ಅಲ್ಲಿಗೂ ಇಲ್ಲಿಗೂ ಅಜಗಜಾಂತರ. ಆಕ್ಸಿಮೀಟರಿನ ಬೆಳಕು ಬೀಳುವುದು ಹಿಮೋಗ್ಲೋಬಿನ್ ಮೇಲೆ, ಹೇಳುವುದೂ ಹಿಮೋಗ್ಲೋಬಿನ್ ಹೊತ್ತ ಆಮ್ಲಜನಕದ ಸುದ್ದಿ. ಗಡಿಯಾರದ ಬೆಳಕು ಬೀಳುವುದು ಮಣಿಕಟ್ಟಿನ ಚರ್ಮದ ಮೇಲೆ, ಹೇಳಹೊರಡುವುದು ತೊಡೆಯ ಸ್ನಾಯುವಿನಲ್ಲಿ ಉರಿದ ಸಕ್ಕರೆ ಮತ್ತು ಕೊಬ್ಬಿನ ಸುದ್ದಿ. ಪಾತ್ರೆಯ ಹೊರಮೈ ಮುಟ್ಟಿ, ಒಳಗೆ ಎಷ್ಟು ಪಾವು ಅಕ್ಕಿ ಬೇಯುತ್ತಿದೆ ಎಂದು ಹೇಳಿದ ಹಾಗೆ.

ಎದೆಬಡಿತಕ್ಕೂ ಆಮ್ಲಜನಕದ ಬಳಕೆಗೂ ನಂಟು ಇದ್ದೇ ಇದೆ. ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಇಪ್ಪತ್ತು ವರ್ಷ ತುಳಿದವರ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ, ಹೋದ ತಿಂಗಳು ಸೈಕಲ್ ಕೊಂಡವರದಕ್ಕಿಂತ ಹೆಚ್ಚು. ಮುಖಕ್ಕೆ ಮುಖವಾಡ ಕಟ್ಟಿ, ಉಸಿರು ಅಳೆದು, ಪ್ರಯೋಗಾಲಯದಲ್ಲಿ ಅವರವರದೇ ನಂಟಿನ ಗೆರೆ ಎಳೆದುಕೊಟ್ಟರೆ ಅಂದಾಜು ಸುಧಾರಿಸುತ್ತದೆ. ಅಂಗಡಿಯಲ್ಲಿ ಕೊಂಡ ಗಡಿಯಾರಕ್ಕೆ ಆ ಭಾಗ್ಯವಿಲ್ಲ. ಒಬ್ಬರಲ್ಲೇ ನೋಡಿದರೂ ಬಡಿತ ಏರಲು ತುಳಿತವೇ ಬೇಕಿಲ್ಲ. ಟೋಕಿಯೋದ ಆಗಸ್ಟ್ ತಿಂಗಳ ಹಬೆಯಂಥ ಸೆಕೆಯಲ್ಲಿ, ಮೈ ತಣಿಸಲು ರಕ್ತ ಚರ್ಮಕ್ಕೆ ಓಡುತ್ತದೆ, ನೀರು ಬತ್ತುತ್ತದೆ, ಅದೇ ತುಳಿತಕ್ಕೆ ಬಡಿತ ಏರುತ್ತಲೇ ಹೋಗುತ್ತದೆ. ಗಡಿಯಾರ ಅದನ್ನು ಶ್ರಮವೆಂದು ಬರೆದುಕೊಳ್ಳುತ್ತದೆ. ಕಾಫಿ, ನಿದ್ದೆಗೆಟ್ಟ ರಾತ್ರಿ, ಲಾರಿ ಪಕ್ಕದಲ್ಲೇ ಹಾದುಹೋದ ಗಾಬರಿ, ಎಲ್ಲವೂ ಕ್ಯಾಲೊರಿಯಾಗಿ ಜಮೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಬಡಿತ ಅಷ್ಟಾಗಿ ಏರುವುದಿಲ್ಲ, ಅವರು ಎಷ್ಟು ತುಳಿದರೂ ಗಡಿಯಾರಕ್ಕೆ ಸೋಮಾರಿಗಳೇ. ಜನವರಿಯಲ್ಲಿ ಚಳಿಗೆ ಕೈಯ ರಕ್ತನಾಳಗಳು ಮುದುಡುತ್ತವೆ, ಹ್ಯಾಂಡಲ್ ಹಿಡಿದ ಮಣಿಕಟ್ಟು ಹಿಂದಕ್ಕೆ ಬಾಗಿ ಗಡಿಯಾರ ಚರ್ಮದಿಂದ ಏಳುತ್ತದೆ, ಹಸಿರು ಬೆಳಕು ಸೋರಿಹೋಗುತ್ತದೆ.

ನಾಡಿ ಸರಿಯಾಗಿಯೇ ಸಿಕ್ಕರೂ ಕ್ಯಾಲೊರಿ ಸರಿಹೋಗುವುದಿಲ್ಲ ಎನ್ನುವುದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನ ಸಾಕ್ಷಿ. ಯೂವನ್ ಆಶ್ಲಿ ಅವರ ತಂಡ 60 ಜನರಿಗೆ ಏಳು ಬಗೆಯ ಯಂತ್ರ ಕಟ್ಟಿ ನಡೆಸಿತು, ಓಡಿಸಿತು, ನಿಂತಲ್ಲೇ ಇರುವ ಸೈಕಲ್ ತುಳಿಸಿತು. 2017ರಲ್ಲಿ ಬಂದ ಫಲಿತಾಂಶ: ಏಳರಲ್ಲಿ ಆರು ಯಂತ್ರಗಳು ಎದೆಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಹಿಡಿದವು. ಶಹಬ್ಬಾಸ್ ಎನ್ನಬೇಕು. ಕ್ಯಾಲೊರಿಯಲ್ಲಿ ಅತ್ಯುತ್ತಮ ಯಂತ್ರದ ಸರಾಸರಿ ತಪ್ಪೇ ಶೇ. 27, ಕೊನೆಯದರದು ಶೇ. 93. ಅಂದರೆ ದೋಷ ದೀಪದಲ್ಲಿಲ್ಲ, ಬಡಿತದಿಂದ ಕ್ಯಾಲೊರಿಗೆ ಹಾರುವ ಸೂತ್ರದಲ್ಲಿದೆ. ಗಾಳಿಯಿಲ್ಲದ, ಕುಲುಕಾಟವಿಲ್ಲದ ಕೋಣೆಯಲ್ಲಿ ಈ ಗತಿಯಾದರೆ ಅರಾಕಾವಾ ದಂಡೆಯಲ್ಲಿ ಗತಿಯೇನು?

ಸೂತ್ರ ಯಾರ ಮೈಯಿಂದ ಬಂತು ಎನ್ನುವುದೂ ಕೇಳಬೇಕಾದ ಪ್ರಶ್ನೆ. ವಿಶ್ರಾಂತ ದೇಹದ ಖರ್ಚಿಗೆ ಪಾಶ್ಚಾತ್ಯರು 1919ರಿಂದ ಬಳಸುತ್ತಿದ್ದ ಹ್ಯಾರಿಸ್-ಬೆನೆಡಿಕ್ಟ್ ಸೂತ್ರ ಜಪಾನೀಯರಿಗೆ ಹೆಚ್ಚು ತೋರಿಸುತ್ತದೆ. ಅದಕ್ಕಾಗಿ ಆಗ ಟೋಕಿಯೋದಲ್ಲಿದ್ದ ಅದೇ ಪೋಷಣೆ ಸಂಸ್ಥೆ ಜಪಾನೀಯರದ್ದೇ ಅಳತೆಯಿಂದ ಬೇರೆ ಸೂತ್ರ ಕಟ್ಟಿತು. 2007ರಲ್ಲಿ ಬಂದ ಆ ಪ್ರಬಂಧದ ಮೊದಲ ಹೆಸರು ಗಣಪುಲೆ, ನಮ್ಮ ನೆರೆಯ ಮರಾಠಿ ನಾಡಿನ ಮನೆತನದ ಹೆಸರು. ಜಪಾನಿನ ಆಹಾರತಜ್ಞರು ಇಂದಿಗೂ "ಗಣಪುಲೆ ಸೂತ್ರ" ಎನ್ನುತ್ತಾರೆ! ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್, ಅನುರಾ ಕುರ್ಪಾಡ್ ಮೊದಲಾದವರು ದಶಕಗಳ ಕಾಲ ಭಾರತೀಯರ ವಿಶ್ರಾಂತ ಖರ್ಚನ್ನು ಅಳೆದರು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಬಳಸುವ ಸೂತ್ರ ಭಾರತೀಯರಿಗೆ ಹೆಚ್ಚಾಯಿತು ಎಂಬ ತೀರ್ಮಾನ ಅಲ್ಲಿಂದ ಬಂತು. ಅದೇ ತೂಕದ ಬಿಳಿಯರಿಗಿಂತ ನಮ್ಮಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಸ್ನಾಯು ಉಣ್ಣುವಷ್ಟು ಕೊಬ್ಬು ಉಣ್ಣದು. ನಿಶಿಕಸಾಯಿಯಲ್ಲಿರುವ ಹಾಸನದ ಎಂಜಿನಿಯರಿಗೆ ಕ್ಯಾಲಿಫೋರ್ನಿಯಾದಲ್ಲೋ ತೈವಾನಿನಲ್ಲೋ ಬರೆದ ಸೂತ್ರ ಅನ್ವಯಿಸುವಾಗ ಈ ಕೆಲಸವನ್ನೆಲ್ಲ ಯಾರಾದರೂ ಕಣ್ಣೆತ್ತಿ ನೋಡಿದರೋ ಇಲ್ಲವೋ ನಮಗೆ ಹೇಳುವವರಿಲ್ಲ.

ಬುದ್ಧಿವಂತ ಸವಾರರು ಇಷ್ಟು ಹೊತ್ತಿಗೆ ಇನ್ನೊಂದು ಬಾಗಿಲಿಗೆ ಬಂದಿರುತ್ತಾರೆ. ಅಂಕಿ ತಪ್ಪೇ ಇರಲಿ, ಪ್ರತಿಸಲವೂ ಒಂದೇ ಪ್ರಮಾಣದಲ್ಲಿ ತಪ್ಪುತ್ತದಲ್ಲ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಲು ಸಾಕು ಎಂಬ ವಾದ. ಕೇಳಲು ಹಿತವಾಗಿದೆ. ತೂಕದ ಯಂತ್ರ ಯಾವಾಗಲೂ ಎರಡು ಕೆ.ಜಿ. ಹೆಚ್ಚು ತೋರಿಸಿದರೆ ನಿಜಕ್ಕೂ ತೊಂದರೆಯಿಲ್ಲ. ಆದರೆ ಮೇಲೆ ಹೇಳಿದ ತಪ್ಪುಗಳಲ್ಲಿ ಯಾವುದು ಒಂದೇ ಪ್ರಮಾಣದ್ದು? ಸೆಕೆ ಆಗಸ್ಟಿನಲ್ಲಿ ಹೆಚ್ಚಿಸುತ್ತದೆ, ಚಳಿ ಜನವರಿಯಲ್ಲಿ ಕೆಡಿಸುತ್ತದೆ, ಗಾಳಿ ಹೋಗುವಾಗ ಒಂದು, ಬರುವಾಗ ಒಂದು. ಕಂಪನಿ ಒಂದು ರಾತ್ರಿ ಸಾಫ್ಟ್‌ವೇರ್ ಬದಲಿಸಿದರೆ ಬೆಳಿಗ್ಗೆ ಹಳೆಯ ಅಂಕಿಗೂ ಹೊಸ ಅಂಕಿಗೂ ಸಂಬಂಧವೇ ಕಡಿಯಬಹುದು. ಎಲ್ಲಕ್ಕಿಂತ ಸ್ವಾರಸ್ಯದ್ದು ಇದು: ಅಭ್ಯಾಸ ಕೂಡಿಬಂದ ಹಾಗೆ ಅದೇ ವೇಗಕ್ಕೆ ಬಡಿತ ಇಳಿಯುತ್ತದೆ. ತುಳಿಯಲು ಬೇಕಾದ ಬಲ ಅಷ್ಟೇ ಇದೆ, ಖರ್ಚು ಹೆಚ್ಚುಕಡಿಮೆ ಅಷ್ಟೇ. ಆದರೂ ಬಡಿತ ನಂಬಿದ ಯಂತ್ರ "ಈ ವಾರ ಕಡಿಮೆ ಉರಿಸಿದೆ" ಎನ್ನುತ್ತದೆ. ಮೈ ಗಟ್ಟಿಯಾದದ್ದಕ್ಕೆ ಸಿಕ್ಕ ಬಹುಮಾನ ಇದು.

ಅಳೆಯಲೇಬೇಕೆಂಬ ಹಟವಿದ್ದರೆ ದಾರಿ ಇಲ್ಲದಿಲ್ಲ. ಪೆಡಲ್ಲಿಗೋ ಕ್ರ್ಯಾಂಕಿಗೋ ಕೂಡಿಸುವ ಪವರ್ ಮೀಟರ್ ಲೋಹ ಎಷ್ಟು ಬಾಗಿತು ಎಂದು ನೋಡಿ ಕಾಲಿನ ಬಲವನ್ನೇ ಅಳೆಯುತ್ತದೆ. ಜರ್ಮನಿಯ ಉಲ್ರಿಕ್ ಶೊಬೆರರ್ 1986ರಲ್ಲಿ ಆರಂಭಿಸಿದ ಈ ವಿದ್ಯೆಯನ್ನು ಈಗ ಒಸಾಕಾ ಬಳಿಯ ಸಕಾಯಿಯಲ್ಲಿರುವ ಶಿಮಾನೊ ಕೂಡ ಮಾರುತ್ತದೆ. ಗಾಳಿ, ಏರು, ಭಾರ ಎಲ್ಲವೂ ಕಾಲಿನ ಬಲದಲ್ಲೇ ಬಂದುಬಿಡುವುದರಿಂದ ಇಲ್ಲಿ ಊಹೆಗೆ ಜಾಗ ಬಹಳ ಕಡಿಮೆ. 150 ವಾಟ್‌ನಲ್ಲಿ ಒಂದು ಗಂಟೆ ತುಳಿದರೆ 540 ಕಿಲೋಜೌಲ್ ಕೆಲಸ, ಅದರಲ್ಲಿ ಸಂಶಯವಿಲ್ಲ. ಮನುಷ್ಯ ದೇಹ ಉರಿಸಿದ ಶಕ್ತಿಯಲ್ಲಿ ಶೇ. 20ರಿಂದ 25ರಷ್ಟನ್ನು ಮಾತ್ರ ಪೆಡಲ್ಲಿಗೆ ತಲುಪಿಸುತ್ತದೆ, ಉಳಿದದ್ದು ಶಾಖ. ಹಾಗಾಗಿ ಆ 540 ಕಿಲೋಜೌಲ್ ಹಿಂದೆ 516 ಕ್ಯಾಲೊರಿ ಇರಬಹುದು, 645 ಕೂಡ ಇರಬಹುದು. ಕಾಲಿನ ಬಲವನ್ನೇ ಹಿಡಿದ ಯಂತ್ರದಲ್ಲಿ ಇಷ್ಟು ಅಂತರ ಉಳಿಯುತ್ತದೆ ಎಂದಮೇಲೆ ಚರ್ಮ ಸವರುವ ಯಂತ್ರ 847 ಎಂದು ಹೇಳುವ ಧೈರ್ಯ ಎಲ್ಲಿಂದ ತಂದಿತು?

"ಹೋಗ್ಲಿ ಬಿಡಿ, ಆ ಅಂಕಿ ನೋಡಿ ನಾಲ್ಕು ಜನ ಸೈಕಲ್ ಹತ್ತುತ್ತಾರಲ್ಲ" ಎಂಬ ಕರುಣೆಯ ವಾದ ಕೊನೆಗೆ ಬರುತ್ತದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 471 ಯುವಜನರನ್ನು ಎರಡು ವರ್ಷ ಹಿಂಬಾಲಿಸಿದರು. ಎಲ್ಲರಿಗೂ ಆಹಾರದ ಪಥ್ಯ, ವ್ಯಾಯಾಮದ ಸಲಹೆ. ಆರು ತಿಂಗಳ ನಂತರ ಅರ್ಧ ಜನರಿಗೆ ತೋಳಿಗೆ ಕಟ್ಟುವ ಯಂತ್ರ ಕೊಟ್ಟರು. ಕೊನೆಗೆ ಯಂತ್ರವಿಲ್ಲದವರು ಸರಾಸರಿ 5.9 ಕೆ.ಜಿ. ಇಳಿದಿದ್ದರು, ಯಂತ್ರ ಕಟ್ಟಿದವರು 3.5 ಕೆ.ಜಿ. ಇದು 2016ರಲ್ಲಿ ಪ್ರಕಟವಾಯಿತು. ಯಾಕೆ ಹೀಗಾಯಿತೆಂದು ಅಧ್ಯಯನ ಖಚಿತವಾಗಿ ತೋರಿಸಿಲ್ಲ. ನಿಶಿಕಸಾಯಿಯ ಎರಡನೇ ಮಸಾಲೆದೋಸೆಯನ್ನು ನೋಡಿದವರಿಗೆ ಒಂದು ಗುಮಾನಿಯಂತೂ ಬರುತ್ತದೆ.

ತಿಂದದ್ದನ್ನು ಓಡಿ ತೀರಿಸುವ ಈ ವ್ಯವಹಾರಕ್ಕೆ ಜಪಾನಿನಲ್ಲಿ ಶತಮಾನದ ಇತಿಹಾಸವಿದೆ. ಒಸಾಕಾದ ದೋತೊಂಬೊರಿಯಲ್ಲಿ ಎರಡೂ ಕೈ ಎತ್ತಿ ಓಡುವ ಗ್ಲಿಕೋ ಜಾಹೀರಾತಿನ ಮುಂದೆ ಫೋಟೋ ತೆಗೆಸಿಕೊಳ್ಳದ ಪ್ರವಾಸಿಯಿಲ್ಲ. ಆ ಕ್ಯಾರಮೆಲ್ ಮಿಠಾಯಿಯ ಘೋಷಣೆ "ಒಂದು ಮಿಠಾಯಿಗೆ 300 ಮೀಟರ್". 165 ಸೆ.ಮೀ. ಎತ್ತರ, 55 ಕೆ.ಜಿ. ತೂಕದವರು ಒಂದು ಮಿಠಾಯಿಯ ಶಕ್ತಿಯಲ್ಲಿ ಅಷ್ಟು ದೂರ ಓಡಬಹುದೆಂಬ ಲೆಕ್ಕ. ಗ್ಲಿಕೋ ಅದನ್ನು ಹೇಳಿದ್ದು ಓಡಲು ತಿನ್ನಿ ಎಂದು, ನಮ್ಮ ಗಡಿಯಾರ ಹೇಳುವುದು ಓಡಿದೆಯಲ್ಲ ತಿನ್ನು ಎಂದು. ಲೆಕ್ಕದ ಎರಡೂ ಕಡೆ ಸೋರುತ್ತದೆ. ಜಪಾನಿನಲ್ಲಿ ಪೊಟ್ಟಣದ ಮೇಲೆ ಅಚ್ಚಾದ ಕ್ಯಾಲೊರಿಯಲ್ಲಿ ಶೇ. 20ರಷ್ಟು ಅತ್ತಿತ್ತ ಆಗಲು ಕಾನೂನೇ ಬಿಟ್ಟುಕೊಟ್ಟಿದೆ. ಮೇಲೆ ಮೆಟ್ ಲೆಕ್ಕದಲ್ಲಿ ಬಂದ ಸವಾರಿಯ ಗಂಟೆಯ 252ರಲ್ಲಿ 63 ಕ್ಯಾಲೊರಿ ನೀವು ಸೋಫಾದಲ್ಲಿ ಕೂತಿದ್ದರೂ ಖರ್ಚಾಗುತ್ತಿತ್ತು. ಒಟ್ಟು ಖರ್ಚನ್ನೂ ಹೆಚ್ಚುವರಿ ಖರ್ಚನ್ನೂ ಬೇರೆಬೇರೆ ತೋರಿಸುವ ಯಂತ್ರಗಳಿವೆ, ನಾವು ದೊಡ್ಡದನ್ನೇ ಓದಿಕೊಳ್ಳುತ್ತೇವೆ. ಮೇಲಾಗಿ ದೇಹ ಸುಮ್ಮನಿರುವುದಿಲ್ಲ. ಭಾರವಾದ ನೀರಿನ ವಿಧಾನದಿಂದ ಅಳೆದ 1,754 ವಯಸ್ಕರ ಮಾಹಿತಿಯನ್ನು 2021ರಲ್ಲಿ ಪರಿಶೀಲಿಸಿದಾಗ, ಚಟುವಟಿಕೆಯಲ್ಲಿ ಹೆಚ್ಚು ಖರ್ಚಾದದ್ದರಲ್ಲಿ ಸರಾಸರಿ ಶೇ. 28ರಷ್ಟನ್ನು ದೇಹ ಬೇರೆ ಕಡೆ ಕಡಿತ ಮಾಡಿ ಸರಿದೂಗಿಸುತ್ತದೆ ಎಂದು ಕಂಡಿತು. ಬೆಳಿಗ್ಗೆ ತುಳಿದದ್ದರಲ್ಲಿ ಕಾಲುಭಾಗಕ್ಕೂ ಮಿಕ್ಕಿದ್ದು ದಿನದ ಒಟ್ಟು ಮೊತ್ತಕ್ಕೆ ಸೇರುವುದೇ ಇಲ್ಲ. ಗಡಿಯಾರ ಈ ಕಡಿತವನ್ನು ಕಾಣದು.

ಜಪಾನ್ ಸರ್ಕಾರ 2008ರಿಂದ 40ರಿಂದ 74ರ ವಯಸ್ಸಿನವರ ಸೊಂಟಕ್ಕೇ ಟೇಪು ಸುತ್ತಿ ಗಂಡಸರಿಗೆ 85, ಹೆಂಗಸರಿಗೆ 90 ಸೆ.ಮೀ. ಗಡಿ ಹಾಕಿದ ಸರ್ಕಾರ. ಅಂಕಿಗೆ ಹೆದರುವ ಪೈಕಿಯದಲ್ಲ. ಅದರ ಹೊಸ ಮಾರ್ಗಸೂಚಿ, "2023ರ ದೈಹಿಕ ಚಟುವಟಿಕೆ ಮತ್ತು ವ್ಯಾಯಾಮ ಕೈಪಿಡಿ", ವಯಸ್ಕರಿಗೆ ಕೊಟ್ಟ ಗುರಿ ದಿನಕ್ಕೆ 60 ನಿಮಿಷದ ಚಟುವಟಿಕೆ, ಅಂದಾಜು 8,000 ಹೆಜ್ಜೆ, ವಾರಕ್ಕೆ ಎರಡು-ಮೂರು ದಿನ ಸ್ನಾಯುಬಲದ ವ್ಯಾಯಾಮ. ಇಷ್ಟು ಕ್ಯಾಲೊರಿ ಉರಿಸಿ ಎಂಬ ಗುರಿ ಅಲ್ಲಿಲ್ಲ. ನಿಮಿಷವನ್ನು ಯಾವ ಗಡಿಯಾರವೂ ಸರಿಯಾಗಿ ಎಣಿಸುತ್ತದೆ ಎಂಬುದು ಅವರಿಗೆ ಗೊತ್ತು.

ತಯಾರಕರಿಗೆ ನನ್ನ ಬೇಡಿಕೆ ಒಂದೇ. ಆ ಅಂಕಿಯನ್ನು ತೋರಿಸಲೇಬೇಕಾದರೆ ಅದರ ತಪ್ಪಿನ ವ್ಯಾಪ್ತಿಯ ಸಮೇತ, 847ರ ಬದಲು "600ರಿಂದ 1,100" ಎಂದು ತೋರಿಸಿ. ಮಾರಾಟ ಕುಸಿದೀತೆಂಬ ಭಯವಿದ್ದರೆ ಅದನ್ನಾದರೂ ಒಪ್ಪಿಕೊಳ್ಳಿ. ಸವಾರರೇ, ನೀವು ಅದಕ್ಕೆ ಕಾಯಬೇಕಿಲ್ಲ. ಗಡಿಯಾರದ ಸೆಟ್ಟಿಂಗ್ಸ್ ತೆರೆದು ಸೈಕಲ್ ಪರದೆಯಿಂದ ಕ್ಯಾಲೊರಿಯನ್ನು ಇವತ್ತೇ ತೆಗೆದುಹಾಕಿ, ಆ ಜಾಗದಲ್ಲಿ ಸಮಯವನ್ನೋ ದೂರವನ್ನೋ ಇಟ್ಟುಕೊಳ್ಳಿ. ಊಟ, ತಿಂಡಿಯ ಆ್ಯಪಿಗೆ ಸವಾರಿಯ ಕ್ಯಾಲೊರಿ ತಾನಾಗಿ ಸೇರುವ ಜೋಡಣೆ ಇದ್ದರೆ ಅದನ್ನೂ ಕಡಿದುಹಾಕಿ. ದೋಸೆ ಬೇಕೆನಿಸಿದರೆ ಹಸಿವು ನೋಡಿಕೊಂಡು ತಿನ್ನಿ, ಗಡಿಯಾರದ ಅಪ್ಪಣೆ ಕೇಳಬೇಡಿ.